ಹತ್ತು ನಿಮಿಷದ ಸ್ಪಂದನ

“ಹತ್ತೇ ಹತ್ತು ನಿಮಿಷ ಸ್ಪಂದನ ಆಗ್ಬಿಡಮ್ಮ ಉಮಾ, ನಿಮ್ಮಪ್ಪನ ಗಂಟೇನ್ ಹೋಗತ್ತೆ?” ಎಂದ ಗೋಪೀನಾಥ.

ಉಮಾಶ್ರೀ ಪೆನ್ಸಿಲ್ ಕೆಳಗಿಡಲಿಲ್ಲ. ಇಟ್ಟರೆ ಪೀಸ್ ಕಡಿಮೆಯಾಗುತ್ತದೆ. ಈ ಸ್ಟುಡಿಯೋದಲ್ಲಿ ಚಿತ್ರವನ್ನು ಯಾರೂ ಚಿತ್ರ ಅನ್ನುವುದಿಲ್ಲ, ಪೀಸ್ ಅನ್ನುತ್ತಾರೆ. ಕಾಮಾಕ್ಷಿಪಾಳ್ಯದ ಇದೇ ಶೀಟಿನ ಕೆಳಗೆ ಗೋಪೀನಾಥ ಮೊದಲು ಗಾರ್ಮೆಂಟ್ ನಡೆಸುತ್ತಿದ್ದ. ಹೊಲಿಗೆ ಮಿಷನ್ನು ಮಾರಿ, ಗಾಜಿನಡಿ ದೀಪವಿರುವ ಮೇಜು ತಂದ. ಮಿಕ್ಕಿದ್ದೆಲ್ಲ ಹಾಗೇ ಉಳಿಯಿತು. ಬಾತ್‌ರೂಮಿಗೆ ಹೋಗಲು ಇಪ್ಪತ್ತೆರಡು ಜನಕ್ಕೆ ಒಂದೇ ಹಿತ್ತಾಳೆ ಟೋಕನ್, ಅವನ ಕ್ಯಾಬಿನ್ ಬಾಗಿಲ ಮೊಳೆಯಲ್ಲಿ. ಏಪ್ರಿಲ್ ಬಿಸಿಲಿಗೆ ಶೀಟು ಕಾದು ಹಂಚಾದರೂ ಫ್ಯಾನ್ ಹಾಕುವಂತಿಲ್ಲ, ಹಾಳೆ ಹಾರುತ್ತವೆ. ಮಣಿಕಟ್ಟಿನ ಕೆಳಗೆ ಟವೆಲ್ ಚೂರು ಇಟ್ಟುಕೊಂಡೇ ಬಿಡಿಸಬೇಕು. ಬೆವರಿನ ಹನಿ ಬಿದ್ದ ಹಾಳೆ ರಿಜೆಕ್ಟ್.

ಅವರು ಬಿಡಿಸುತ್ತಿದ್ದುದು ಅಮೆರಿಕದ ಒಂದು ಕಾರ್ಟೂನ್ ಧಾರಾವಾಹಿ. ‘ಕರಿ ಚಂದ್ರ’ ಅಂತ ದೊಡ್ಡ ಸಿನಿಮಾ ಮೂರು ಭಾಗ ಬಂದಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಥೆಯಲ್ಲಿ ಏಳು ವರ್ಷ. ಆ ಏಳು ವರ್ಷ ಏನಾಯಿತು ಎಂದು ಸಿನಿಮಾದವರು ಹೇಳಿರಲಿಲ್ಲ. ಹೇಳುವ ಕೆಲಸ ಸಮುದ್ರ ದಾಟಿ ಕಾಮಾಕ್ಷಿಪಾಳ್ಯಕ್ಕೆ ಬಂತು.

ಕಥೆ ಇಷ್ಟೇ: ಯಾವುದೋ ಚಂದ್ರನ ಮೇಲೆ ಗಣಿ. ಅಲ್ಲಿ ಅಗೆಯುವವರಿಗೆ ಹೆಸರಿಲ್ಲ, ಬೆನ್ನ ಮೇಲೆ ನಂಬರು. ಬೆಳಿಗ್ಗೆ ಕ್ಯಾಪ್ಟನ್ ನಂಬರು ಕೂಗಿ ಹಾಜರಿ ತೆಗೆಯುತ್ತಾನೆ. ಆರನೇ ಕಂತಿನಲ್ಲಿ ನಾನೂರ ಹದಿನೇಳನೇ ನಂಬರಿನ ಹೆಂಗಸು ನಂಬರಿಗೆ ಓಗೊಡುವುದಿಲ್ಲ. ಎದ್ದು ನಿಂತು ತನ್ನ ಹೆಸರು ಹೇಳುತ್ತಾಳೆ. ಅವಳ ಹಿಂದೆ ಗಣಿಯೆಲ್ಲ ಎದ್ದು ಹೆಸರು ಹೇಳುತ್ತದೆ.

ಆ ಹೆಂಗಸನ್ನು ಬಿಡಿಸಿದವಳು ಉಮಾಶ್ರೀ. ಇಲ್ಲಿ ಪ್ರತಿಯೊಬ್ಬರ ಮೇಜಿನ ಮೇಲೂ ಅಂಗೈಯಗಲದ ಕನ್ನಡಿ ಇರುತ್ತದೆ. ತಾವೇ ಮುಖ ಮಾಡಿಕೊಂಡು, ಕನ್ನಡಿ ನೋಡಿ ಹಾಳೆಗೆ ಇಳಿಸಬೇಕು. ಹನ್ನೆರಡು ದಿನ ಅವಳು ಕನ್ನಡಿಗೆ ತನ್ನ ಹೆಸರು ಹೇಳಿದ್ದಳು. ಗಣಿಯ ಜನಕ್ಕೂ ಮುಖ ಬೇಕಾಗಿತ್ತು. ವೀರೇಶ ತನ್ನ ಮುಖ ಹಾಕಿದ, ಮುತ್ತುರಾಜ ತನ್ನದು ಹಾಕಿದ. ಸಾಲದೆ ಬಂದಾಗ ಟೀ ತರುವ ಚಿಕ್ಕಗಂಗಮ್ಮನನ್ನೂ ಕೂರಿಸಿ ಅವಳ ಮುಖವನ್ನೂ ಗಣಿಗೆ ಇಳಿಸಿದರು.

“ಆರು ತಿಂಗಳು ದುಡೀರಿ, ಟೀವಿಯಲ್ಲಿ ಹೆಸರು ಬರತ್ತೆ,” ಎಂದಿದ್ದ ಗೋಪೀನಾಥ. ಆ ಮಾತು ನಂಬಿ ಉಮಾಶ್ರೀ ಗುಳೇದಗುಡ್ಡಕ್ಕೆ ಫೋನು ಮಾಡಿದ್ದಳು. ಅವ್ವ ಶಂಕ್ರವ್ವ ಓಣಿಯನ್ನೆಲ್ಲ ಕೇಬಲ್ ಇದ್ದ ಮನೆಗೆ ಸೇರಿಸಿದಳು. ಆರನೇ ಕಂತು ಮುಗಿಯಿತು, ಹೆಸರು ಬಂದವು. ಮುಖ್ಯ ಕಲಾವಿದೆ: ಸ್ಪಂದನ. ಬಣ್ಣ: ಜಗದಾಂಬಾ. ಹಿನ್ನೆಲೆ ಚಿತ್ರ: ರೇವಂತ್. ಬೆಳಕಿನ ವಿನ್ಯಾಸ: ಮುನಿವೆಂಕಟಪ್ಪ.

ಸ್ಪಂದನ ಗೋಪೀನಾಥನ ಮಗಳು, ಮೂರನೇ ಕ್ಲಾಸು. ಜಗದಾಂಬಾ ಹೆಂಡತಿ, ರೇವಂತ್ ಮಗ. ಮುನಿವೆಂಕಟಪ್ಪ ಅಪ್ಪ; ಮನೆಯ ಟ್ಯೂಬ್‌ಲೈಟಿನ ಸ್ವಿಚ್ಚನ್ನೂ ಸೊಸೆಯನ್ನು ಕೂಗಿಯೇ ಹಾಕಿಸುವ ಯಜಮಾನರು.

ಮರುದಿನ ಅವ್ವನ ಫೋನು. “ನಿನ್ನ ಹೆಸರು ಬರಲಿಲ್ಲಲ್ಲಬೇ? ಓಣ್ಯಾಗ ಮಂದಿ ನಗಾಕತ್ತಾರ. ಖರೇ ಅಲ್ಲಿ ಏನ್ ಕೆಲಸ ಮಾಡ್ತಾಳ ನಿನ್ನ ಮಗಳು ಅಂತ ಕೇಳ್ತಾರ. ಅಪ್ಪ ಗಂಟುಮೂಟೆ ಕಟ್ಕೊಂಡು ಬಾ ಅಂದಾನ.”

ಉಮಾಶ್ರೀ ಸಾವಿರಗಟ್ಟಲೆ ಹಾಳೆ ಬಿಡಿಸಿದ್ದಳು. ಒಂದರ ಮೇಲೂ ಸಹಿ ಹಾಕುವಂತಿರಲಿಲ್ಲ.

ಈಗ ಅಮೆರಿಕದವರು ಕಂಪ್ಯೂಟರ್ ಕ್ಯಾಮೆರಾದಲ್ಲಿ ಮುಖ್ಯ ಕಲಾವಿದೆಯ ಜೊತೆ ಮಾತಾಡಬೇಕು ಅಂದಿದ್ದಾರೆ. ಬೆಳಿಗ್ಗೆ ಒಂಬತ್ತು ಗಂಟೆಗೆ. ಇನ್ನು ಐದು ನಿಮಿಷ.

“ಸ್ಪಂದನಳನ್ನೇ ಕರೆಸ್ರಿ ಸರ,” ಎಂದಳು.

“ತಮಾಷೆನಾ? ಅವಳಿಗೆ ಕಾಗೆ ಬರಿ ಅಂದ್ರೆ ಕೊಡೆ ಬರೀತಾಳೆ.”

“ಮತ್ತ ಮುಖ್ಯ ಕಲಾವಿದಿ ಹೆಂಗಾದ್ಲುರಿ?” ಎಂದ ಕೊಪ್ಪಳದ ವೀರೇಶ, ಹಾಳೆಯಿಂದ ತಲೆಯೆತ್ತದೆ.

“ಏಯ್, ನೀನ್ ಸುಮ್ನಿರೋ! ನೋಡಮ್ಮ, ಶೆಡ್ಡು ನಂದು, ಕರೆಂಟ್ ನಂದು, ಮನೆಯವರ ಹೆಸರು ಹಾಕ್ದೆ. ಏನ್ ಕೊಲೆ ಮಾಡಿದ್ನಾ? ಮುಂದಿನ ಕಂತಿಗೆ ನಿಂದೂ ಹಾಕ್ತೀನಿ, ತಾಯಾಣೆ. ಆಗಲ್ಲ ಅಂದ್ರೆ ಸಂಜೆ ಬ್ಯಾಗ್ ಎತ್ಕೊಂಡು ಮೆಜೆಸ್ಟಿಕ್‌ಗೆ ಹೋಗ್ಬಿಡು. ಅಲ್ಲಿಂದ ನಿಮ್ಮೂರ್ ಕಡೆಗೆ ಬಸ್ ಬೇಕಾದಷ್ಟಿದೆ.”

ಉಮಾಶ್ರೀ ಎದ್ದಳು. ಗೋಪೀನಾಥನ ಮುಖ ಅರಳಿತು. ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ತಾನೇ ಎಳೆದುಕೊಟ್ಟ. ಆ ಶೆಡ್ಡಿನಲ್ಲಿ ಅವನು ಕೆಲಸದವರಿಗೆ ಕುರ್ಚಿ ಎಳೆದದ್ದು ಅದೇ ಮೊದಲು.

ಪರದೆಯ ಮೇಲೆ ಅಮೆರಿಕದಾಕೆ ಬಂದಳು. ನಾನೂರ ಹದಿನೇಳರ ನೋವು ನೋಡಿ ಆಫೀಸಿಗೆ ಆಫೀಸೇ ಅತ್ತಿತು ಎಂದಳು. ಕಣ್ಣೊರೆಸಿಕೊಂಡ ಕೈಯಲ್ಲೇ, ಮುಂದಿನ ಕಂತು ಹದಿನೈದು ದಿನದ ಬದಲು ಹತ್ತೇ ದಿನಕ್ಕೆ ಬೇಕು ಎಂದಳು.

“ಎಸ್ ಮೇಡಂ, ಎಸ್ ಮೇಡಂ,” ಎಂದು ಗೋಪೀನಾಥ ಐದು ದಿನವನ್ನು ಅಲ್ಲೇ ದಾನ ಮಾಡಿದ.

“ಹೆಸರು ಹೇಳುವಾಗ ಆ ತುಟಿಗಳು! ಅದನ್ನು ಬಿಡಿಸಿದವರು ನೀವೇನಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ಇಂಗ್ಲಿಷು ಶೆಡ್ಡಿಗೆಲ್ಲ ತಿಳಿಯಿತು.

“ಎಸ್ ಮೇಡಂ, ದಿಸ್ ಈಸ್ ಸ್ಪಂದನ,” ಎಂದ ಗೋಪೀನಾಥ.

ಉಮಾಶ್ರೀ ಕುರ್ಚಿ ಬಿಟ್ಟು ಎದ್ದು ನಿಂತಳು. ಹನ್ನೆರಡು ದಿನ ಅಭ್ಯಾಸ ಮಾಡಿದ ತುಟಿ ತಾನಾಗಿ ತೆರೆಯಿತು.

“ನೋ ಮೇಡಂ. ಮೈ ನೇಮ್ ಉಮಾಶ್ರೀ. ಉಮಾಶ್ರೀ ದೇವೇಂದ್ರಪ್ಪ, ಗುಳೇದಗುಡ್ಡ.”

ಅಮೆರಿಕದಾಕೆಯ ನಗೆ ಅರ್ಧಕ್ಕೆ ನಿಂತಿತು. ಗೋಪೀನಾಥನಿಗೆ ಏನಾಗುತ್ತಿದೆ ಎಂದು ಹೊಳೆಯಲಿಲ್ಲ. ಪೀಸ್ ಎಣಿಸಿದ್ದನೇ ಹೊರತು ಆ ಕಥೆಯನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಬಿಡಿಸಿದವರಿಗೆ ಮುಂದೇನೆಂದು ಬಾಯಿಪಾಠವಾಗಿತ್ತು.

ವೀರೇಶ ಎದ್ದ. ಅವಳ ಪಕ್ಕಕ್ಕೆ ಬಂದು ಕ್ಯಾಮೆರಾದೊಳಗೆ ಮುಖ ತೂರಿಸಿದ. “ವೀರೇಶ, ಕೊಪ್ಪಳ.”

“ಮುತ್ತುರಾಜ. ಸುಂಕದಕಟ್ಟೆ.”

“ಗುರುದೇವಿ. ಹುನಗುಂದ, ಮೇಡಂ.”

ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ಯಾರೋ ಫ್ಯಾನಿನ ಸ್ವಿಚ್ಚನ್ನೂ ಹಾಕಿಬಿಟ್ಟರು. ಗಣಿಯೂ ಕ್ಯಾಪ್ಟನ್ನೂ ಚಂದ್ರನೂ ಹಾಳೆಹಾಳೆಯಾಗಿ ಶೆಡ್ಡಿನ ತುಂಬ ಎದ್ದು ಹಾರಾಡಿದವು.

“ಏಯ್, ಪೀಸು! ಪೀಸು!” ಎಂದು ಗೋಪೀನಾಥ ಗಾಳಿಯಲ್ಲಿ ಕೈಯಾಡಿಸಿದ. ಹಾಳೆ ಹಿಡಿಯಲೋ ಜನ ಹಿಡಿಯಲೋ ತಿಳಿಯದೆ, ಕಂಪ್ಯೂಟರಿನ ವೈರನ್ನೇ ಹಿಡಿದು ಕಿತ್ತ. ಪರದೆ ಕಪ್ಪಾಯಿತು.

ಟೀ ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡು ಚಿಕ್ಕಗಂಗಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವಳು ಕಾಮಾಕ್ಷಿಪಾಳ್ಯ ಹಳ್ಳಿಯಾಗಿದ್ದ ಕಾಲದವಳು, ಚಡ್ಡಿಯಿಲ್ಲದೆ ಓಡಾಡುತ್ತಿದ್ದ ಗೋಪೀನಾಥನನ್ನು ಕಂಡವಳು.

“ನನ್ ಸರದಿ ಬರೋಷ್ಟರಲ್ಲಿ ಕಿತ್ಬಿಟ್ಟೆಯಲ್ಲೋ ಗೋಪಿ! ನನ್ ಮುಖಾನೂ ಹಾಕವ್ರೆ ಕಣೋ.”

“ಅಕ್ಕಯ್ಯ, ನಿಂಗ್ಯಾಕೆ ಇದೆಲ್ಲ? ಹೋಗು ಅತ್ಲಾಗೆ.”

“ಯಾಕೆ? ನಿಮ್ಮಪ್ಪನ ಹೆಸರು ಬಂದೈತಂತಲ್ಲ. ಅವಯ್ಯ ಯಾವ ದೀಪ ಹಚ್ಚಿದ್ದ, ಹೇಳು ನೋಡಾನ?”

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಆ ನಗೆಯ ನಡುವೆಯೇ ಅಮೆರಿಕದವರಿಗೆಂದೇ ಕ್ಯಾಬಿನ್ನಿನಲ್ಲಿ ಇಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು. ಗೋಪೀನಾಥ ಅತ್ತ ನುಗ್ಗಿದ. ಬಾಗಿಲಲ್ಲಿ ಆಗಲೇ ಇಪ್ಪತ್ತು ಜನ ನಿಂತಿದ್ದರು, ಒಬ್ಬರೂ ಸರಿಯಲಿಲ್ಲ.

ಉಮಾಶ್ರೀಗೆ ಮಾತ್ರ ದಾರಿಬಿಟ್ಟರು. ಅವಳು ಒಳಗೆ ಹೋಗಿ, ಬೆವರಿದ ಅಂಗೈಯನ್ನು ಟವೆಲ್ ಚೂರಿಗೆ ಒರೆಸಿಕೊಂಡು, ರಿಸೀವರ್ ಎತ್ತಿದಳು.