ಓರ್ವಿಲ್ ಪೆಟಿಗ್ರೂಗೆ ಬಳೆ ತೊಡಿಸಿದ ಶನಿವಾರ

ಮಹಾಜನಗಳ ಗಮನಕ್ಕೆ: ನಮ್ಮ ಬರ್ಚ್ ಫಾಲ್ಸ್ ಊರಿನ ಐಸ್ ರಿಂಕ್ ಕಮಿಟಿಯ ಅಧ್ಯಕ್ಷರಾದ ಶ್ರೀಮಾನ್ ಓರ್ವಿಲ್ ಪೆಟಿಗ್ರೂ ಅವರ ಹಳೇ ಹಾಕಿ ಕೋಲು ತನ್ನ ಪಾದವನ್ನು, ಅಂದರೆ ತುದಿಯ ಬಾಗಿದ ಹಲಗೆಯನ್ನು, ಕಳೆದುಕೊಂಡಿದೆ. ಗರಗಸ ಹಿಡಿದವಳು ಸ್ವಂತ ಮಗಳು ಮರ್ಟಲ್. ಮೃತ ಪಾದಕ್ಕೆ ಮನೆಯ ಒಲೆಯಲ್ಲೇ ಅಂತ್ಯಕ್ರಿಯೆ ಆಯಿತು.

ಪಾದವಿಲ್ಲದ ಕೋಲು ಬೇಕಿದ್ದದ್ದು ರಿಂಗೆಟ್ ಆಡೋಕೆ. ಇದು ಮೊನ್ನೆ ಮೊನ್ನೆ ನಾರ್ತ್ ಬೇ ಕಡೆ ಹುಟ್ಟಿದ ಆಟ. ಹಾಕಿಯನ್ನೆಲ್ಲಾ ಗಂಡುಹುಡುಗರೇ ಬಾಚಿಕೊಂಡರು, ಚಳಿಗಾಲದಲ್ಲಿ ಹುಡುಗಿಯರಿಗೂ ಏನಾದರೂ ಬೇಕಲ್ಲ ಅಂತ ಯಾರೋ ಪುಣ್ಯಾತ್ಮರು ಯೋಚಿಸಿದರು. ಹಾಕಿಯ ಪಕ್ ಅನ್ನೋ ಗಟ್ಟಿ ಬಿಲ್ಲೆಯ ಬದಲು ಒಂದು ರಬ್ಬರ್ ಬಳೆ. ನೆಟ್ಟಗಿನ ಕೋಲಿನ ತುದಿಯನ್ನ ಅದರೊಳಗೆ ಚುಚ್ಚಿಕೊಂಡು ಓಡೋದು. ಗುದ್ದೋ ಹಾಗಿಲ್ಲ. ಐಸ್ ಮೇಲೆ ಅಡ್ಡ ಬಳಿದ ನೀಲಿ ಗೆರೆ ಬಂದರೆ ಬಳೆಯನ್ನ ತಾನೇ ಹೊತ್ತು ದಾಟೋ ಹಾಗೂ ಇಲ್ಲ. ಗೆರೆಯಾಚೆ ಇರೋ ಗೆಳತಿಗೆ ಪಾಸ್ ಮಾಡಬೇಕು.

"ಇದೇನು ಆಟಾನಾ, ಚರ್ಚಿನ ಊಟದಲ್ಲಿ ಪೈ ಹಂಚೋದಾ?" ಅಂತ ಓರ್ವಿಲ್ ನಕ್ಕಿದ್ದ. ಅವನಿಗೆ ಹಾಕಿ ಗೊತ್ತು, ಕೊಟ್ಟು ಗೊತ್ತಿಲ್ಲ. ಯೌವನದಲ್ಲಿ ಊರಿನ ತಂಡಕ್ಕೆ ಆಡುವಾಗ ಅವನು ಜೊತೆಯವರಿಗೆ ದಾಟಿಸಿದ್ದು ನೆಗಡಿಯೊಂದನ್ನೇ.

ಈಗ ಅವನಿಗೆ ಹುಡುಗಿಯರ ಶನಿವಾರ ಬೆಳಗಿನ ಐಸ್ ಬೇಕಿತ್ತು. ವಾರಕ್ಕೆ ಅವರಿಗಿದ್ದದ್ದು ಅದೊಂದೇ ಗಂಟೆ. ಅವನ ಕಾಲದ ತಂಡದ, ಈಗ ಹೊಟ್ಟೆ ಬಂದ ಹಳೇ ಹುಲಿಗಳು ಗುಟುರು ಹಾಕೋದಕ್ಕೆ ಅದೇ ಗಂಟೆ ಆಗಬೇಕಂತೆ.

"ಅಪ್ಪಾ, ಅದೂ ಹೋದ್ರೆ ನಾವೆಲ್ಲಿ ಆಡೋಣ?" ಅಂದಳು ಮರ್ಟಲ್.

"ಅಡುಗೆಮನೇಲಿ ಆಡ್ಕೊಳ್ಳಿ. ಬಳೆ ಆಟ ತಾನೆ?"

"ಹಂಗಾದ್ರೆ ಬನ್ನಿ, ನಮ್ಮ ಜೊತೆ ಒಂದು ಮ್ಯಾಚ್ ಆಡಿ. ಗೆದ್ದೋರಿಗೆ ಐಸ್."

ಓರ್ವಿಲ್‌ಗೆ ಖುಷಿಯೋ ಖುಷಿ. ಕಮಿಟಿಯ ಎದುರು ಎದ್ದು ನಿಂತು ಘೋಷಿಸಿದ: "ನಿಮ್ಮ ಆಟಾನೇ, ನಿಮ್ಮ ರೂಲ್ಸೇ! ಒಂದಕ್ಷರ ಬಿಡಬೇಡಿ. ಆಮೇಲೆ ಅತ್ರೆ ಕೇಳೋರು ಯಾರೂ ಇಲ್ಲ. ರೆಫರಿ ಮಾತ್ರ ನಮ್ಮ ಗೆರ್ವೇ."

ಗೆರ್ವೇ ಕ್ಷೌರಿಕ. ಹಾಕಿ ಮ್ಯಾಚಿಗೂ ಅವನೇ ರೆಫರಿ. ಕೆಲಸ ಎರಡಾದರೂ ಗುಣ ಒಂದೇ: ಗಿರಾಕಿ ಯಾರೇ ಆಗಲಿ, ಕತ್ತರಿಸೋದೇ.

ಶನಿವಾರ ಊರೆಲ್ಲಾ ಕಾಫಿ, ಬಟರ್ ಟಾರ್ಟ್ ಹಿಡಿದು ಬೆಂಚು ತುಂಬಿತ್ತು. ಹಳೇ ಹುಲಿಗಳು ಪಾದ ಕೊಯ್ಸಿಕೊಂಡ ಕೋಲು ಹಿಡಿದು ಇಳಿದವು. ಓರ್ವಿಲ್ ಬಳೆ ಚುಚ್ಚಿದ, ನುಗ್ಗಿದ, ನೀಲಿ ಗೆರೆ ದಾಟಿದ. ಪೀಪಿ!

"ಏನಯ್ಯಾ ಅದು?"

"ಗೆರೆ. ಬಳೆ ನೀನೇ ಹೊತ್ಕೊಂಡು ಬಂದೆ."

"ಓ, ಪೈ ಹಂಚೋ ರೂಲು!" ಅಂತ ಓರ್ವಿಲ್ ಬೆಂಚಿನ ಕಡೆ ಕಣ್ಣು ಹೊಡೆದ. ಜನ ನಕ್ಕರು. ಮತ್ತೆ ಹೋದ, ಮತ್ತೆ ಪೀಪಿ. ಮೂರನೇ ಸಲ ನಗು ಸ್ವಲ್ಪ ದಿಕ್ಕು ಬದಲಿಸಿತು. ಮಿಕ್ಕ ಹುಲಿಗಳೂ ಕಮ್ಮಿಯೇನಲ್ಲ. ಒಬ್ಬೊಬ್ಬನೂ ಒಬ್ಬಂಟಿ ವೀರ, ಒಬ್ಬೊಬ್ಬನಿಗೂ ಪೀಪಿ.

ಅಷ್ಟರಲ್ಲಿ ಮರ್ಟಲ್ ಗೆರೆಯ ಈಚೆಯಿಂದ ಬಳೆಯನ್ನ ಜಾರಿಸಿದಳು. ಆಚೆಯಿದ್ದ ಐಲಿ ಕಾಂಗಾಸ್, ಮರದ ಮಿಲ್ಲಿನ ಫಿನ್ನಿಶ್ ಮೇಸ್ತ್ರಿಯ ಮಗಳು, ಹಿಡಿದು ಗೋಲಿಗೆ ಸೇರಿಸಿದಳು. ಯಾರೂ ಯಾರನ್ನೂ ಗುದ್ದಲಿಲ್ಲ. ಹುಲಿಗಳಿಗೆ ಅದು ಗೋಲು ಅಂತ ಗೊತ್ತಾಗೋಕೇ ಹೊತ್ತು ಹಿಡಿಯಿತು.

ಆಟ ಮುಗಿಯೋಕೆ ಬಂತು, ಹುಡುಗಿಯರು ಆ ಒಂದು ಗೋಲು ಮುಂದೆ. ಬಳೆ ಓರ್ವಿಲ್ ಕೋಲಲ್ಲಿ. ಗೆರೆಯಾಚೆ ಅವನ ಭಾವಮೈದ ಪರ್ಸಿ ಒಬ್ಬನೇ, ಗೋಲಿಗೆ ಮಾರು ದೂರದಲ್ಲಿ.

"ಕೊಡೋ ಭಾವಾ! ಕೊಡೋ, ನಿಂಗೆ ಕೈ ಮುಗೀತೀನಿ!"

ಓರ್ವಿಲ್ ಗೆರೆಯ ಮುಂದೆ ತಡೆದ. ಪರ್ಸಿಯನ್ನ ನೋಡಿದ. ಕೊಟ್ಟರೆ ಸರಿಸಮ, ಆಮೇಲೆ ಗೆಲುವೂ ದೂರವಿಲ್ಲ. ಆದರೆ ಗೋಲು ಪರ್ಸಿಯದಾಗುತ್ತಲ್ಲ!

ತಾನೇ ದಾಟಿದ. ಗೋಲೂ ಹೊಡೆದ. ಕೋಲೆತ್ತಿ, ಉಣ್ಣೆ ಟೋಪಿ ತೂರಿ, ರಿಂಕಿಗೆ ಒಂದು ಸುತ್ತು ಹಾಕಿಬಂದ. ಗೆರ್ವೇ ಪೀಪಿ ಬಾಯಲ್ಲಿಟ್ಟುಕೊಂಡು ಅಲ್ಲೇ ಕಾದಿದ್ದ.

"ಗೆರೆ."

"ಯಾರ ಗೆರೆಯೋ? ನಿಂತು ಬಳಿಸಿದ್ದೇ ನಾನು!"

"ಚೆನ್ನಾಗಿ ಬಳಿಸಿದ್ದೀಯಪ್ಪ. ಎದ್ದು ಕಾಣ್ತಾ ಇದೆ."

ಕೊನೇ ಪೀಪಿ ಆಯಿತು, ಶನಿವಾರದ ಐಸ್ ಹುಡುಗಿಯರದ್ದೇ ಉಳಿಯಿತು. ಮರ್ಟಲ್ ಅಪ್ಪನ ಟೋಪಿ ಎತ್ತಿಕೊಂಡು ಐಲಿಗೆ ಕೊಟ್ಟಳು. ಐಲಿ ಅದನ್ನ ಗೆರೆಯಾಚೆ ನಿಂತಿದ್ದ ಓರ್ವಿಲ್‌ಗೆ ದಾಟಿಸಿದಳು.