ಆರು ಕನ್ನಡಿಯ ಹಾಡು

"ಏಯ್, ಬಗ್ಗೇ! ನಿನ್ನ ಮೂತಿ ಕನ್ನಡೀಲಿ ಬಿತ್ತಲ್ಲೇ! ಅಷ್ಟು ದುಡ್ಡು ಕೊಟ್ಟು ಕನ್ನಡಿ ತರ್ಸಿರೋದು ನಿನ್ನ ಮೂತಿ ನೋಡಕ್ಕಾ?"

ಡೈರೆಕ್ಟರ್ ಹೀಗೆ ಬೈದದ್ದು ನನ್ನ ಹೆಂಡತಿಗೆ. ಅವಳು ಕ್ಯಾಮೆರಾ ಟ್ರಾಲಿಯ ಮೇಲೆ, ಕ್ಯಾಮೆರಾಮನ್ನನ ಕಾಲ ಬಳಿ ಮಂಡಿ ಮಡಚಿ ಕೂತಿದ್ದಳು. ಹಳಿಯ ಮೇಲೆ ಆ ಟ್ರಾಲಿ ತಳ್ಳುವವನು ನಾನು. ಎದುರಿಗೆ ಬೆಳ್ಳಿ ಬಣ್ಣದ ಬಿಗಿ ಉಡುಪು ತೊಟ್ಟ ಮಾಡೆಲ್ ಹುಡುಗಿ, ಅವಳ ಹಿಂದೆ ಆಳೆತ್ತರದ ಆರು ಕನ್ನಡಿಗಳು. ಸ್ಪೀಕರಿನಲ್ಲಿ ಬರುತ್ತಿದ್ದ ಹಾಡು ಮಾತ್ರ ನನ್ನ ಹೆಂಡತಿಯದು.

ಒಂದು ಕಾಲದಲ್ಲಿ ಹಾಡನ್ನು ಜನ ಕೇಳುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ಬರೀ ಗುಲಾಬಿ ಹೂವಿನ ಚಿತ್ರವಿದ್ದರೂ ಕೊಳ್ಳುತ್ತಿದ್ದರು. ಹಾಡಿದವಳ ಹಲ್ಲು ಉಬ್ಬೋ ನೆಟ್ಟಗೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಆಗ ಇವಳು ಹಾಡುತ್ತಿದ್ದಳು, ನಾನು ಡ್ರಮ್ ಬಾರಿಸುತ್ತಿದ್ದೆ. ಆಮೇಲೆ ಜನ ಹಾಡನ್ನು ನೋಡತೊಡಗಿದರು. ನನ್ನ ಕೆಲಸವನ್ನು ಊಟ ಕೇಳದ ಒಂದು ಯಂತ್ರ ತೆಗೆದುಕೊಂಡಿತು. ಇವಳ ದನಿಗೆ ಸಾಟಿಯಾದ ಯಂತ್ರ ಸಿಗದ್ದರಿಂದ ದನಿಯನ್ನು ಇಟ್ಟುಕೊಂಡು ಮುಖವನ್ನು ಕೈಬಿಟ್ಟರು. ಈಗೆಲ್ಲ ಮೊದಲು ಉಡುಪಿನ ಬಣ್ಣ ನಿಶ್ಚಯವಾಗುತ್ತದೆ, ಆಮೇಲೆ ರಾಗ. ಈ ಹಾಡಿನ ಎರಡನೆಯ ಚರಣದಲ್ಲಿ ಹುಡುಗಿ ತಂಪು ಪಾನೀಯದ ಬಾಟಲಿ ಎತ್ತಿ ಒಂದು ಗುಟುಕು ಕುಡಿಯಬೇಕೆಂದು ದುಡ್ಡು ಹಾಕಿದ ಕಂಪನಿಯ ಅಪ್ಪಣೆ. ಅದಕ್ಕಾಗಿ ನನ್ನ ಹೆಂಡತಿ "ಪ್ರಾ" ಎಂದು ಹಾಡಿ, ಬಾಟಲಿ ಕೆಳಗಿಳಿಯುವವರೆಗೆ ಸುಮ್ಮನಿದ್ದು, ಆಮೇಲೆ "ಣವೇ" ಎಂದು ಮುಗಿಸಿದ್ದಳು.

ಹುಡುಗಿಯ ತೊಂದರೆ ಉಸಿರಿನದು. ತುಟಿ ಸರಿಯಾಗಿಯೇ ಆಡಿಸುತ್ತಿದ್ದಳು, ಆದರೆ ಹಾಡಿನಲ್ಲಿ ಉಸಿರೆಳೆದ ಕಡೆ ಅವಳ ಎದೆ ಏಳುತ್ತಿರಲಿಲ್ಲ, ಸುಳ್ಳು ಗೊತ್ತಾಗಿಬಿಡುತ್ತಿತ್ತು. ಹೊಟ್ಟೆ ತುಂಬಿದರೆ ಉಡುಪು ಬಿಗಿಯಾಗುತ್ತದೆಂದು ಬೆಳಗಿನಿಂದ ಬರೀ ನೀರು ಕೊಟ್ಟಿದ್ದರು, ಪಾಪ. ಹಾಗಾಗಿ ಇವಳನ್ನು ಕರೆಸಿ ಟ್ರಾಲಿಯ ಮೇಲೆ ಕೂರಿಸಿದರು. ಇವಳು ದನಿಯಿಲ್ಲದೆ ಹಾಡಬೇಕು, ಹುಡುಗಿ ಇವಳನ್ನು ನೋಡಿ ಉಸಿರಾಡಬೇಕು. ಟ್ರಾಲಿ ಮುಂದೆ ಹೋದರೆ ಇವಳು ಕನ್ನಡಿಯಲ್ಲಿ ಕಾಣುತ್ತಾಳೆಂದು ಡೈರೆಕ್ಟರ್ ಹಳಿಯ ಪಕ್ಕ ಸೀಮೆಸುಣ್ಣದ ಗೆರೆ ಎಳೆದ.

"ಇದನ್ನ ದಾಟಿದ್ಯೋ, ಕಾಲು ಮುರೀತೀನಿ ಬಡ್ಡಿಮಗನೇ" ಎಂದ ನನಗೆ.

ಊಟದ ಹೊತ್ತಿಗೆ ಮ್ಯಾನೇಜರ್ ಒಂದು ಕಾಗದ ತಂದ. ಹಾಡು ಹುಡುಗಿಯ ಹೆಸರಿನಲ್ಲೇ ಹೊರಬರುತ್ತದೆ. ಹಾಡಿದವಳು ತಾನೆಂದು ನನ್ನ ಹೆಂಡತಿ ಯಾರಿಗೂ ಹೇಳಕೂಡದು. ಸಂಜೆಯೊಳಗೆ ಸಹಿಯಾಗಬೇಕು.

"ಯಾರಿಗೂ ಅಂದ್ರೆ, ಮನೇಲೂನಾ?" ಇವಳು ಕೇಳಿದಳು.

"ಯಾರಿಗೂ ಅಂದ್ರೆ ಯಾರಿಗೂ. ನಿನ್ನಂಥೋರು ಬೀದಿಗೆ ಹತ್ತು ಜನ ಸಿಗ್ತಾರೆ."

"ಹಂಗಿದ್ರೆ ಅವ್ರನ್ನೇ ಕರ್ಕೊಂಡು ಬರ್ಬೇಕಿತ್ತು. ನನ್ನ ಯಾಕೆ ಇಲ್ಲಿ ಕಪ್ಪೆ ಥರ ಕೂರ್ಸಿದೀರಾ?"

ಮ್ಯಾನೇಜರ್ ಪೆನ್ನು ಎಸೆದು ಹೋದ. ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿ ಮೆಲ್ಲಗೆ, "ಅಕ್ಕಾ, ನಿಮ್ಮ ಹೆಸ್ರೂ ಹಾಕ್ತೀವಿ ಅಂತಾನೇ ನನಗೆ ಹೇಳಿದ್ರು. ಆಣೆಗೂ" ಎಂದಳು.

ಇವಳು ನನ್ನ ಕಡೆ ತಿರುಗಿದಳು. "ರೀ, ಮಗಳು ಈ ಹಾಡು ಬಾಯಿಪಾಠ ಮಾಡ್ಕೊಂಡಿದಾಳೆ. ನಾಳೆ ಟೀವೀಲಿ ನೋಡಿ, ಅಮ್ಮಾ ಇದು ನೀನಲ್ವಾ ಅಂದ್ರೆ ಏನನ್ಲಿ?"

"ಅವತ್ತು ಗಂಟಲು ಕೆಟ್ಟಿತ್ತು ಅನ್ನು."

"ನಿಮ್ಮ ತಲೆ!" ನಕ್ಕಳು. ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಅವಳು ಅಳುವವಳಲ್ಲ.

ಊಟವಾದ ಮೇಲಿನ ಟೇಕಿನಲ್ಲಿ ನಾನು ಟ್ರಾಲಿಯನ್ನು ಗೆರೆ ದಾಟಿಸಿದೆ. ಕಾಲು ಜಾರಿತೆಂದು ಆಮೇಲೆ ಹೇಳಿದೆ. ನಂಬುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ. ಆರೂ ಕನ್ನಡಿಗಳಲ್ಲಿ ನನ್ನ ಹೆಂಡತಿ ಬಾಯಿತುಂಬ ಹಾಡುತ್ತಿದ್ದಳು. ಬಗ್ಗು ಎಂದು ಎಷ್ಟು ಕಿರುಚಿದರೂ ಬಗ್ಗಲಿಲ್ಲ.

"ಕಟ್! ಬೋಳಿಮಗನೇ, ಗಂಡ ಹೆಂಡ್ತಿ ಸೇರ್ಕೊಂಡು ಆಟ ಆಡ್ತೀರಾ?" ಡೈರೆಕ್ಟರ್ ಮಾನಿಟರ್ ನೋಡಿ ಸ್ವಲ್ಪ ತಣ್ಣಗಾದ. "ಹೋಗ್ಲಿ, ಹುಡುಗಿ ಚೆನ್ನಾಗಿ ಬಂದಿದಾಳೆ. ಇವಳ ಮುಖ ಕಂಪ್ಯೂಟರಲ್ಲಿ ಅಳಿಸಿದ್ರಾಯ್ತು."

ಇವಳು ಟ್ರಾಲಿಯಿಂದಿಳಿದು ಬಟ್ಟೆ ಕೊಡವಿಕೊಂಡಳು. "ಹಂಗೇ ದನೀನೂ ಅಳಿಸ್ಬಿಡಿ ಸಾರ್. ಒಂದೇ ಸಲಕ್ಕೆ ಕೆಲ್ಸ ಮುಗಿಯುತ್ತೆ."

ಸಹಿಯಿಲ್ಲದ ಕಾಗದವನ್ನು ಡೈರೆಕ್ಟರನ ಟೀ ಲೋಟದ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತಳು. ನಾನು ಟ್ರಾಲಿಯ ಹಿಡಿ ಬಿಟ್ಟೆ.

"ಇವ್ರಿಲ್ದಿದ್ರೆ ಶೂಟಿಂಗ್ ನಿಂತೋಗುತ್ತಾ? ತಳ್ಳಕ್ಕೆ ಬೇರೆಯವ್ರು ಬರ್ರೋ! ಏಯ್ ಹುಡುಗಿ, ನೀನೇ ಮಾಡು. ಹಾಡು ಹಾಕ್ರೋ!"

ಹಾಡು ಶುರುವಾಯಿತು. ಹುಡುಗಿ ಒಮ್ಮೆ ನಮ್ಮ ಕಡೆ ನೋಡಿದಳು. ಆಮೇಲೆ ಬಣ್ಣ ಹಚ್ಚಿದ ತುಟಿಗಳನ್ನು ಬಿಗಿಯಾಗಿ ಮುಚ್ಚಿ ಕ್ಯಾಮೆರಾವನ್ನೇ ದಿಟ್ಟಿಸುತ್ತ ನಿಂತುಬಿಟ್ಟಳು.

"ಬಾಯಿ ಬಿಡೇ! ಬಾಯಿ ಬಿಡೇ ಲೌಡಿ!"

ಅವಳು ಬಿಡಲಿಲ್ಲ. ನನ್ನ ಹೆಂಡತಿಯ ದನಿ ಇಡೀ ಸ್ಟುಡಿಯೋ ತುಂಬಿತ್ತು. ಆರು ಕನ್ನಡಿಗಳಲ್ಲಿ ಒಂದು ತುಟಿಯೂ ಅಲುಗುತ್ತಿರಲಿಲ್ಲ.