ಏಣಿ ಬಿಡದವನು

“ಕರೆದ್ರೆ ನಾಯಿನೂ ಬರುತ್ತೆ ಕಣೋ. ನೀನೇನು ಸೀಮೆಗಿಲ್ಲದೋನಾ, ಬೋಳಿಮಗನೇ?”

ಮ್ಯಾನೇಜರ್ ಇಡೀ ಗೋದಾಮಿಗೆ ಕೇಳಿಸುವ ಹಾಗೆ ಬೈದ. ನಾನು ಏಣಿ ಹಿಡಿದು ನಿಂತಿದ್ದೆ. ಏಣಿಯ ತುದಿಯಲ್ಲಿ ನನ್ನ ಸೋದರಮಾವ, ಒಂದು ತೋಳಲ್ಲಿ ದೊಡ್ಡ ಲೈಟನ್ನು ಅಪ್ಪಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ತೊಲೆಗೆ ಬಿಗಿಯುತ್ತಿದ್ದ.

ಸಿನಿಮಾಕ್ಕೆ ಕೆಲಸದವರನ್ನು ಆರಿಸುವುದು ಹೀಗೆ ನಡೆದಿತ್ತು. ನಿರ್ದೇಶಕನಿಗೆ ನಂಬಿಕಸ್ಥರು ಬೇಕಂತೆ. ನಂಬಿಕಸ್ಥ ಅಂದರೆ, ಮ್ಯಾನೇಜರ್ ಚಪ್ಪಾಳೆ ತಟ್ಟಿದ ತಕ್ಷಣ ಕೈಲಿದ್ದದ್ದು ಬಿಟ್ಟು ಓಡಿಬರುವವನು. ತಟ್ಟಿದ. ವೈರ್ ಎಳೆಯುತ್ತಿದ್ದವನು ಓಡಿದ. ಹಲಗೆ ಹೊತ್ತವರು ಹಲಗೆ ಎತ್ತಿಹಾಕಿ ಓಡಿದರು. ಟೀ ಕುಡಿಯುತ್ತಿದ್ದವನು ಬಾಯಿ ಸುಟ್ಟುಕೊಂಡೇ ಓಡಿದ. ನಾನೊಬ್ಬ ಓಡಲಿಲ್ಲ.

“ಬರ್ತೀನಿ ಸಾರ್. ಮಾವ ಇಳೀಲಿ.”

ಲೈಟಿನ ಕೆಲಸದವರಲ್ಲಿ ಒಂದು ಕಟ್ಟುಪಾಡಿದೆ. ಮೇಲಿರುವವನ ಎರಡೂ ಕಾಲು ನೆಲಕ್ಕೆ ತಾಗಿ, ಅವನೇ ಬಾಯಿಬಿಟ್ಟು ‘ಬಿಡು’ ಅನ್ನುವವರೆಗೆ ಕೆಳಗಿನವನು ಏಣಿ ಬಿಡುವ ಹಾಗಿಲ್ಲ. ಹೆತ್ತತಾಯಿ ಸತ್ತ ಸುದ್ದಿ ಬಂದರೂ ಇಲ್ಲ. ಹಿಂದಿನ ಸಿನಿಮಾದಲ್ಲಿ ಇದೇ ಮ್ಯಾನೇಜರ್, ನಾಯಕಿಗೆ ಕೊಡೆ ಹಿಡಿಯೋಕೆ ಅಂತ ಏಣಿ ಹಿಡಿದವನನ್ನು ಎಳೆದುಕೊಂಡು ಹೋದ. ಮೇಲಿದ್ದವನು ಮಾವನ ಮಗ. ಈಗ ಅವನಿಗೆ ಸೊಂಟದ ಕೆಳಗೆ ಸೊಳ್ಳೆ ಕಚ್ಚಿದರೂ ಗೊತ್ತಾಗುವುದಿಲ್ಲ. ಅತ್ತೆ ಅವನನ್ನು ಮಗ್ಗುಲು ಹೊರಳಿಸುತ್ತಾ ಕೂತಿರುತ್ತಾಳೆ. ಅಂಥ ಮ್ಯಾನೇಜರನ ಬಾಗಿಲಿಗೇ ಮತ್ತೆ ಬಂದಿರಲ್ಲ, ನಾಚಿಕೆಯಾಗಲ್ಲವಾ ಅಂತ ನೀವು ಕೇಳಬಹುದು. ಆಗುತ್ತೆ. ಆದರೆ ಬೇರೆ ಯಾರೂ ಕರೆಯಲಿಲ್ಲ, ಮನೆಯಲ್ಲಿ ಒಲೆ ಉರಿಯಬೇಕು.

ನಿರ್ದೇಶಕ ಕೂತಲ್ಲಿಂದಲೇ ನಕ್ಕ. ಮೆತ್ತಗೆ ಮಾತಾಡುವವನು. ಕೂಲಿಯವರ ಬೆವರಿನ ಬಗ್ಗೆ ಸಿನಿಮಾ ತೆಗೆಯುತ್ತಿದ್ದಾನೆ.

“ನೋಡಪ್ಪಾ, ನಮ್ದು ಸಣ್ಣ ಬಜೆಟ್ಟು. ಇಲ್ಲಿ ಆಳು, ಯಜಮಾನ ಅಂತೇನಿಲ್ಲ. ಎಲ್ಲಾ ಒಂದೇ ಕುಟುಂಬ. ಮನೆಯವ್ರು ಕರೆದ್ರೆ ಬರ್ಬೇಕಲ್ವಾ?”

ಆ ಕುಟುಂಬಕ್ಕೆ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವನೇ ಕೂತಿದ್ದ.

“ಮಾವ ಇಳೀಲಿ ಸಾರ್,” ಅಂದೆ.

“ಸೊಕ್ಕು ನೋಡಿ ಸಾರ್ ಇವಂದು!” ಮ್ಯಾನೇಜರ್ ನುಗ್ಗಿ ಬಂದು ನನ್ನ ಕಾಲರ್ ಹಿಡಿದು ಎಳೆದ. ಏಣಿ ಅಲುಗಿತು. ಮೇಲಿನಿಂದ ಸ್ಪ್ಯಾನರ್ ಜಾರಿ ನಮ್ಮಿಬ್ಬರ ನಡುವೆ ಬಿತ್ತು.

“ಬಿಡೋ ಏಣೀನ! ಇಬ್ರನ್ನೂ ಒದ್ದು ಆಚೆಗೆ ಹಾಕ್ತೀನಿ. ಆಮೇಲೆ ಆ ಹೆಳವನ ಬಾಯಿಗೆ ಮಣ್ಣು ಹಾಕ್ರಿ.”

ಆಗ ಮೇಲಿನಿಂದ ಮಾವನ ದನಿ ಬಂತು.

“ಬಿಡೋ.”

ಕತ್ತೆತ್ತಿ ನೋಡಿದೆ. ಅವನು ಲೈಟನ್ನು ಅಪ್ಪಿಕೊಂಡೇ ನಿಂತಿದ್ದ. ಆ ಮಾತನ್ನು ಅವನು ಏಣಿಯ ಮೇಲಿಂದ ಆಡಿದ್ದು ನಾನು ಎಂದೂ ಕೇಳಿರಲಿಲ್ಲ.

“ಹೋಗೋ ಮಗಾ. ನೀನಾದ್ರೂ ಕೆಲಸ ಉಳಿಸ್ಕೋ. ನಾನು ಹ್ಯಾಗೋ ಇಳ್ಕೋತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರ್ ಮೇಲಿನದಕ್ಕಿಂತ ಹೆಚ್ಚಾಗಿ ಮಾವನ ಮೇಲೆ.

“ಬಾಯಿ ಮುಚ್ಕೊಂಡು ಇಳಿ ಮಾವ!”

ಮ್ಯಾನೇಜರ್ ನನ್ನ ಕೆನ್ನೆಗೆ ಬಾರಿಸಿದ. ನನ್ನ ಎರಡೂ ಕೈ ಏಣಿಯ ಮೇಲಿದ್ದವು, ಅಡ್ಡ ಹಿಡಿಯಲಾಗಲಿಲ್ಲ. ಇನ್ನೊಂದು ಬಿತ್ತು. ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು. ಓಡಿಬಂದು ಸಾಲಾಗಿ ನಿಂತಿದ್ದ ನಂಬಿಕಸ್ಥರು ನೆಲ ನೋಡುತ್ತಿದ್ದರು. ಮಾವ ಲೈಟಿನ ಸಮೇತ ಒಂದೊಂದೇ ಮೆಟ್ಟಿಲು ತಡವರಿಸುತ್ತಾ ಇಳಿದ. ಒಂದು ಕಾಲು ನೆಲಕ್ಕೆ ಬಂತು. ಇನ್ನೊಂದೂ ಬಂತು.

“ಈಗ ಬಿಡು,” ಅಂದ.

ಬಿಟ್ಟೆ.

ಮ್ಯಾನೇಜರ್ ನನ್ನ ಖಾಲಿ ಕೈಗಳನ್ನು ನೋಡಿ ಹಿಂದೆ ಸರಿದ.

“ಹಿಡೀರೋ ಇವನನ್ನ!” ಅಂತ ಚಪ್ಪಾಳೆ ತಟ್ಟಿದ.

ವೈರಿನವನು ಅಲ್ಲಾಡಲಿಲ್ಲ. ಮತ್ತೆ ತಟ್ಟಿದ. ಹಲಗೆಯವರು ತಲೆ ಎತ್ತಿ ಅವನನ್ನೇ ನೋಡಿದರು. ಯಾರೂ ನಿಂತ ಜಾಗದಿಂದ ಕಾಲು ಕೀಳಲಿಲ್ಲ. ನಿರ್ದೇಶಕ ಕುರ್ಚಿಯಿಂದ ಎದ್ದ.

ನಾನು ಬಾಯಲ್ಲಿದ್ದ ರಕ್ತ ಉಗಿದು ಮುಂದಕ್ಕೆ ಹೆಜ್ಜೆ ಇಟ್ಟೆ.